ಸೆಕೆಂಡ್ ಹ್ಯಾಂಡ್ ರೇವಾ: ಕೊಳ್ಳುವವರ ಕೈಪಿಡಿ

ಅಭಿನಂದನೆ
ಬೆಂಗಳೂರಿನಲ್ಲೇ ಹುಟ್ಟಿ 2001ರಲ್ಲಿ ರಸ್ತೆಗಿಳಿದ, ಮುಂದೆ ಲಂಡನ್ನಿಗೂ ಹೋಗಿ ಜಿ-ವಿಜ್ ಎನಿಸಿಕೊಂಡ ಪುಟ್ಟ ಎಲೆಕ್ಟ್ರಿಕ್ ಕಾರಿನ ಮೇಲೆ ನೀವು ಕಣ್ಣು ಹಾಕಿದ್ದೀರಿ. ಬಣ್ಣ ಆಮೇಲೆ ನೋಡುವಿರಂತೆ, ಮೊದಲು ಮುಂದಿನ ಸೀಟು ಎತ್ತಿಸಿ.

ಭಾಗಗಳ ಪರಿಚಯ
ಸೀಟಿನಡಿ 6 ವೋಲ್ಟಿನ 8 ಲೆಡ್ ಆಸಿಡ್ ಬ್ಯಾಟರಿಗಳಿವೆ. ಒಟ್ಟು 48 ವೋಲ್ಟ್. ನೀವು ದುಡ್ಡು ಕೊಡುವುದು ಇವಕ್ಕೆ. ಕಾರು ಜೊತೆಗೆ ಬರುವ ಕೊಸರು. ಎಂಜಿನ್ ಆಯಿಲ್, ಕ್ಲಚ್, ಸೈಲೆನ್ಸರ್ ಯಾವುದೂ ಇಲ್ಲ. ಹಾಗಾಗಿ ಗುರುತಿನ ಮೆಕ್ಯಾನಿಕ್ ಬಾನೆಟ್ ಎತ್ತಿ "ಇದ್ರಲ್ಲಿ ಏನೂ ಇಲ್ವಲ್ಲ ಸಾರ್" ಎಂದರೆ ಗಾಬರಿಯಾಗಬೇಡಿ.

ಚಾರ್ಜಿಂಗ್
15 ಆಂಪಿಯರ್ ಪ್ಲಗ್ಗಿನಲ್ಲಿ ಪೂರ್ತಿ ಚಾರ್ಜಿಗೆ ಎಂಟು ಗಂಟೆ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಆ ಪ್ಲಗ್ ಹಾಕಿಸಿಕೊಳ್ಳಲು ಅಸೋಸಿಯೇಷನ್ನಿನ ಎಂಟು ಮೀಟಿಂಗು.

ನೀರು
ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು, ಫಿಲ್ಟರ್ ನೀರು ಬೇಡ. ಕಾವೇರಿ ನೀರೆಂಬ ಅಭಿಮಾನವೂ ಇಲ್ಲಿ ಸಲ್ಲದು. ಚಾರ್ಜ್ ಆದ ಮೇಲೆ ಹಾಕಿ. ಮೊದಲೇ ಕಂಠಮಟ್ಟ ತುಂಬಿಸಿದರೆ ಆಸಿಡ್ ಉಕ್ಕಿ ಟರ್ಮಿನಲ್ಲಿನ ಮೇಲೆ ಬಿಳಿ-ಹಸಿರು ಪುಡಿ ಕಟ್ಟುತ್ತದೆ. ಕನೆಕ್ಷನ್ ಕಳಚಿ, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಒರೆಸಿ, ಒಣಗಿಸಿ, ವ್ಯಾಸಲೀನ್ ಸವರಿ. ಬಜ್ಜಿಗೆಂದು ಇಟ್ಟಿದ್ದ ಸೋಡಾ ಏನಾಯಿತು ಎಂಬ ಪ್ರಶ್ನೆಗೆ ಈ ಕೈಪಿಡಿ ಹೊಣೆಯಲ್ಲ.

ತೊಂದರೆಗಳು, ಪರಿಹಾರಗಳು

*ತೊಂದರೆ:* ಕಂಪನಿ ಹೇಳಿದ್ದು 80 ಕಿ.ಮೀ., ಕಾರು ಮೂವತ್ತಕ್ಕೇ ಉಸ್ಸಪ್ಪಾ ಎನ್ನುತ್ತದೆ.
*ಕಾರಣ:* ಎಂಟರಲ್ಲೊಂದು ಬ್ಯಾಟರಿ ಸೋತಿರಬಹುದು. ಎಲ್ಲವೂ ಒಂದರ ಹಿಂದೊಂದು ಜೋಡಿಸಿದವು. ಅದು ಕೈಕೊಟ್ಟರೆ ಮಿಕ್ಕ ಏಳಕ್ಕೂ ಕೆಲಸವಿಲ್ಲ.
*ಪರಿಹಾರ:* ಓಡಿಸಿ ತಂದ ಕೂಡಲೇ ಮಲ್ಟಿಮೀಟರ್ ಹಿಡಿದು ಒಂದೊಂದನ್ನೇ ಅಳೆಯಿರಿ. ಏಳು ಬ್ಯಾಟರಿ 6 ವೋಲ್ಟಿನ ಮೇಲಿದ್ದು ಒಂದು ಮಾತ್ರ 5ರತ್ತ ಜಾರಿದ್ದರೆ ಕಳ್ಳ ಸಿಕ್ಕಿದ. ಅದೊಂದನ್ನೇ ಹೊಸದು ಹಾಕಿ ಬೀಗಬೇಡಿ. ಹಳೆಯ ಏಳೂ ಸೇರಿ ಹೊಸದನ್ನು ಬೇಗ ಮುದಿಯಾಗಿಸುತ್ತವೆ.

*ತೊಂದರೆ:* ಊರಿಗೆ ಹೋಗಿ ಬರುವಷ್ಟರಲ್ಲಿ ಕಾರು ಮಲಗಿದೆ.
*ಕಾರಣ:* ಅರೆಬರೆ ಚಾರ್ಜಿನಲ್ಲಿ ನಿಂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿದೆ.
*ಪರಿಹಾರ:* ಮುಂದಿನ ಸಲ ಪೂರ್ತಿ ಚಾರ್ಜ್ ಮಾಡಿ ಹೊರಡಿ. ವಾರಗಟ್ಟಲೆ ನಿಂತ ಕಾರನ್ನು "ಓಡಿಸೇ ಇಲ್ಲ, ಹೊಸದಿದ್ದಂಗಿದೆ" ಎಂದು ಮಾರುವವರು ಹೊಗಳಿದರೆ ಅದನ್ನೂ ದೋಷವೆಂದೇ ಬರೆದುಕೊಳ್ಳಿ.

*ತೊಂದರೆ:* ಮೈಮೇಲೆ ಒಂದೂ ಡೆಂಟ್ ಇಲ್ಲ.
*ಕಾರಣ:* ಮೈ ಪ್ಲಾಸ್ಟಿಕ್ಕಿನದು.
*ಪರಿಹಾರ:* ಬಗ್ಗಿ ನೋಡಿ. ಒಳಗಿನ ಚೌಕಟ್ಟು ಉಕ್ಕಿನದು, ತುಕ್ಕು ಅಲ್ಲಿರುತ್ತದೆ.

ಕೊನೆಯ ಸೂಚನೆ
ಬ್ಯಾಟರಿ ಸೆಟ್ಟಿನ ಆಯಸ್ಸು ಮೂರು ವರ್ಷದ ಆಸುಪಾಸು. ಕಾರಿನ ವಯಸ್ಸು ಕೇಳಬೇಡಿ, ಸೆಟ್ಟಿನ ಬಿಲ್ಲು ಕೇಳಿ. ಬಿಲ್ಲಿನ ಬದಲು ಕಾಫಿ ಬಂದರೆ, ಕುಡಿದು ಎದ್ದು ಬನ್ನಿ.