ಎದುರಿಗೆ ಕೂತವನು

ರಾಯರೇ, ನಿಮ್ಮ ತಮ್ಮನ ಮಗ ಪೋಕರ್ ಪುಸ್ತಕ ಓದಿ ಓದಿ ನಿದ್ದೆಗೆಡ್ತಿದ್ದಾನೆ ಅಂದ್ರಲ್ಲ, ಓದಲಿ ಬಿಡಿ. ಆದ್ರೆ ಲೆಕ್ಕ ಕಲಿಯೋದು ಅರ್ಧ ಕೆಲಸ. ಯಾವ ಟೇಬಲ್ಲಿಗೆ ಹೋಗಿ ಕೂರಬೇಕು ಅನ್ನೋದು ಇನ್ನರ್ಧ, ನನ್ನ ಕೇಳಿದ್ರೆ ಅದೇ ದೊಡ್ಡರ್ಧ. ಎದುರಿಗೆ ಕೂತವನ ಜೇಬಿಂದಲೇ ತಾನೇ ದುಡ್ಡು ಬರಬೇಕು? ಎಲ್ಲರೂ ಸಮಸಮ ಜಾಣರಾದ್ರೆ ಗೆಲ್ಲೋದು ಕ್ಯಾಸಿನೊ ಒಂದೇ. ಪಾಟ್‌ನಿಂದ, ಅಂದ್ರೆ ಎಲ್ಲರೂ ಕಟ್ಟಿದ ದುಡ್ಡಿನ ರಾಶಿಯಿಂದ, ಅದು ತನ್ನ ಪಾಲು ಮುರ್ಕೊಳ್ತಾನೇ ಇರುತ್ತೆ.

ಆನ್‌ಲೈನಲ್ಲಿ ದುಡ್ಡಿಟ್ಟು ಆಡೋದನ್ನ ನಮ್ಮಲ್ಲಿ 2025ರ ಕಾನೂನು ನಿಷೇಧಿಸಿತು, ಆ ಮಾತು ಬೇಡ. ಗೋವಾಕ್ಕೆ ಹೋಗಿ ಮಾಂಡೋವಿ ಮೇಲಿನ ಕ್ಯಾಸಿನೊ ಹಡಗು ಹತ್ತಿದ್ರೆ, ಮೊದಲು ಸುಮ್ನೆ ನಿಂತು ನೋಡಲಿ. ಒಂಬತ್ತು ಜನರಲ್ಲಿ ಐದಾರು ಜನ ಪ್ರತಿ ಸಲವೂ ಫ್ಲಾಪ್, ಅಂದ್ರೆ ಟೇಬಲ್ ಮೇಲೆ ಬಿಚ್ಚಿಡೋ ಮೊದಲ ಮೂರು ಎಲೆ, ನೋಡೋಕೆ ದುಡ್ಡು ಹಾಕ್ತಿದ್ದಾರಾ? ಪಣ ಏರಿಸದೆ, ಬೇರೆಯವರು ಕಟ್ಟಿದಷ್ಟನ್ನೇ ಹಾಕಿ ಬರೀ ಕಾಲ್ ಮಾಡ್ತಿದ್ದಾರಾ? ಕೊನೇಲಿ ಎಲೆ ತೋರಿಸಿದಾಗ ಸಣ್ಣ ಜೋಡಿ ಹಿಡ್ಕೊಂಡು ಅಲ್ಲೀವರೆಗೂ ಬಂದವರು ಕಾಣ್ತಾರಾ? ಹಾಗಿದ್ರೆ ಅಲ್ಲೇ ಕೂರಬೇಕು. ಎಲ್ಲರೂ ಇಯರ್‌ಫೋನ್ ಸಿಕ್ಕಿಸ್ಕೊಂಡು ತುಟಿ ಬಿಚ್ಚದೆ ಕೂತಿದ್ರೆ ಬೇರೆ ಕಡೆ ನೋಡೋದು ವಾಸಿ.

ಕುರ್ಚಿನೂ ಮುಖ್ಯ. ಸಿಕ್ಕ ಎಲೆಗೆಲ್ಲ ದುಡ್ಡು ಸುರಿಯೋನ ಎಡಕ್ಕೆ ಕೂರಬೇಕು. ಸರದಿ ಎಡಕ್ಕೇ ಸಾಗೋದ್ರಿಂದ ಅವನು ಏನು ಮಾಡಿದ ಅಂತ ನೋಡ್ಕೊಂಡೇ ನಾವು ಆಡಬಹುದು. ಅಂಥವನ ಮುಂದೆ ಬ್ಲಫ್ ಹೊಡೆದು ಪ್ರಯೋಜನ ಇಲ್ಲ, ಅವನು ಎಲೆ ಮಡಚೋದೇ ಇಲ್ಲ. ಒಳ್ಳೇ ಕೈ ಬಂದಾಗ ಮಾತ್ರ ದೊಡ್ಡದಾಗಿ ಕಟ್ಟಬೇಕು. ಮತ್ತೆ, ತಪ್ಪು ಆಡಿದವನನ್ನ ಟೇಬಲ್ಲಲ್ಲಿ ಹಂಗಿಸೋದು ನನಗೆ ಸಹಿಸೋಕಾಗಲ್ಲ. ಅವನೂ ಮನುಷ್ಯ, ಖುಷಿಗೆ ಬಂದಿರ್ತಾನೆ. ಮನೆ ಬಾಡಿಗೆ ದುಡ್ಡು ಕಟ್ತಿದ್ದಾನೆ ಅಂತ ಗೊತ್ತಾದ್ರೆ ಎದ್ದು ಬರೋದೇ ಸರಿ. ಆ ಗೆಲುವು ನಮಗೆ ಬೇಡ.

ಹೀಗೆ ಖುಷಿಗೆ ಆಡೋರು ಹಿಂಡುಹಿಂಡಾಗಿ ಬಂದ ಕಾಲವೂ ಒಂದಿತ್ತು. 2003ರಲ್ಲಿ ಕ್ರಿಸ್ ಮನಿಮೇಕರ್ ಅಂತ ಟೆನೆಸ್ಸಿಯ ಒಬ್ಬ ಅಕೌಂಟೆಂಟ್, ಆನ್‌ಲೈನಲ್ಲಿ ಆಡಿ ಲಾಸ್ ವೇಗಸ್ಸಿನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಪಂದ್ಯಕ್ಕೆ ಜಾಗ ಗಿಟ್ಟಿಸಿ, 25 ಲಕ್ಷ ಡಾಲರ್ ಗೆದ್ದ. ಅವನಿಗೇ ಆದ್ರೆ ನಮಗ್ಯಾಕಾಗಲ್ಲ ಅಂತ ಜನ ಮುಗಿಬಿದ್ರು. ಆ ವರ್ಷ 839 ಜನ ಆಡಿದ್ದ ಪಂದ್ಯಕ್ಕೆ 2006ರಲ್ಲಿ 8,773 ಜನ ಬಂದ್ರು. ಕಸುಬುದಾರರಿಗೆ ಅದು ಸುಗ್ಗಿ. 2011ರ ಏಪ್ರಿಲ್ 15ಕ್ಕೆ ಅಮೆರಿಕ ಸರ್ಕಾರ ದೊಡ್ಡ ಪೋಕರ್ ಸೈಟುಗಳ ಮೇಲೆ ಕೇಸು ಹಾಕಿತು. ಅಲ್ಲಿನ ಹವ್ಯಾಸಿಗಳು ಚದುರಿಹೋದ್ರು.

ಆದ್ರೆ ಯಾರು ದುರ್ಬಲ ಅನ್ನೋದು ಹಣೇಲಿ ಬರೆದಿರಲ್ಲ ರಾಯರೇ. ಡಲ್ಲಾಸ್‌ನ ಬ್ಯಾಂಕರ್ ಆಂಡಿ ಬೀಲ್ 2001ರಲ್ಲಿ ಲಾಸ್ ವೇಗಸ್ಸಿಗೆ ಬಂದಾಗ ಅಲ್ಲಿನ ಘಟಾನುಘಟಿಗಳಿಗೆ ಒಳ್ಳೇ ಗಿರಾಕಿ ಸಿಕ್ಕ ಅನ್ನಿಸಿತ್ತು. ಅವನು ಗಣಿತದ ತಲೆಯೋನು. ಪಣವನ್ನ ಏರಿಸ್ತಾ ಹೋದ. ಒಬ್ಬೊಬ್ಬರ ಕೈಲಿ ನಿಭಾಯಿಸೋಕಾಗದೆ ಅವರೆಲ್ಲ ದುಡ್ಡು ಒಟ್ಟು ಹಾಕಿ ಸರದಿ ಮೇಲೆ ಅವನೆದುರು ಕೂರಬೇಕಾಯ್ತು. 2006ರ ಫೆಬ್ರವರಿ ಮಧ್ಯದಲ್ಲಿ ಅವರಿಂದ ಒಂದು ಕೋಟಿಗೂ ಮೀರಿ ಡಾಲರ್ ಗೆದ್ದ. ಅದೇ ತಿಂಗಳ ಕೊನೇ ಭಾಗದಲ್ಲಿ ಅವರಲ್ಲೊಬ್ಬನಾದ ಫಿಲ್ ಐವಿ ಮೂರು ದಿನ ಅವನೆದುರು ಕೂತು ಒಂದೂವರೆ ಕೋಟಿಗೂ ಹೆಚ್ಚು ವಾಪಸ್ ತಂದ. ಹಣವೇನೋ ಬಂತು. ಆದ್ರೆ ಆ ತಿಂಗಳ ಮಧ್ಯದಲ್ಲಿ, ಲೋಕದ ದೊಡ್ಡ ದೊಡ್ಡ ಆಟಗಾರರು ಕೂತಿದ್ದ ಟೇಬಲ್ಲಲ್ಲಿ, ಗಿರಾಕಿ ಯಾರಾಗಿದ್ರು?