‘ಮರ್ಮರ್’ ಶಬ್ದದ ಅರ್ಥವಿಸ್ತಾರ ಮತ್ತು ಮಾವನವರು

ಇಂಗ್ಲಿಷಿನ ‘ಮರ್ಮರ್’ ಲ್ಯಾಟಿನ್ ಮೂಲದ ಶಬ್ದ. ಕನ್ನಡದ ಗುಸುಗುಸು, ಗುಜುಗುಜುಗಳಂತೆ ಒಂದೇ ಧ್ವನಿಯನ್ನು ಎರಡು ಸಲ ನುಡಿದು ತಗ್ಗಿದ, ಎಡೆಬಿಡದ ಸದ್ದನ್ನು ಸೂಚಿಸುವ ಇಂಥ ಪದವನ್ನು ಕನ್ನಡ ವ್ಯಾಕರಣವು ಅನುಕರಣಾವ್ಯಯವೆಂದು, ಅಂದರೆ ಕಿವಿಗೆ ಬಿದ್ದ ಸದ್ದನ್ನೇ ಅಕ್ಷರಕ್ಕಿಳಿಸಿದ ಪದವೆಂದು, ಕರೆಯುತ್ತದೆ. ಸಂಸ್ಕೃತದಲ್ಲಿಯೂ ಮರ್ಮರವಿದ್ದು, ಅಮರಕೋಶವು ಅದನ್ನು ಬಟ್ಟೆ ಮತ್ತು ಎಲೆಗಳ ಸದ್ದಿಗೆ ಮೀಸಲಿಟ್ಟು ಒಡವೆಗಳ ಸದ್ದಿಗೆ ಶಿಂಜಿತವೆಂಬ ಬೇರೆ ಹೆಸರು ಕೊಡುತ್ತದೆ. ಆದರೆ ಲಂಡನ್ನಿನ ನವೆಂಬರ್ ಚಳಿಯಲ್ಲಿ ರೇಷ್ಮೆ ಸೀರೆಯ ಮೇಲೆ ಮೊಣಕಾಲುದ್ದದ ಕೋಟು ತೊಟ್ಟು ರಾಜ್ಯೋತ್ಸವಕ್ಕೆ ಹೊರಟ ಕನ್ನಡತಿಯ ಬಳಿ ಮರ್ಮರವೂ ಇಲ್ಲ, ಶಿಂಜಿತವೂ ಇಲ್ಲ, ಪಾರ್ಕಿಂಗ್ ಸಿಗದ ಗಂಡನ ಗೊಣಗಾಟವೊಂದೇ ಕೇಳಿಸುತ್ತದೆ.

ಈ ಗೊಣಗಾಟವೇ ಶಬ್ದದ ಎರಡನೆಯ ಅರ್ಥ. ದೂರದೆ ಒಪ್ಪಿಕೊಳ್ಳುವುದನ್ನು ಇಂಗ್ಲಿಷರು ‘ಮರ್ಮರ್ ಇಲ್ಲದೆ’ ಎಂದರೆ ಕನ್ನಡಿಗರು ‘ಚಕಾರವೆತ್ತದೆ’ ಎನ್ನುತ್ತಾರೆ. ಜುಲೈಯಲ್ಲಿ ಮಗನ ಮನೆಗೆ ಬಂದಿಳಿದ ಮಾವನವರು ಚಕಾರವೆತ್ತುವುದಿಲ್ಲವೆಂಬುದು ನಿಜವೇ ಆದರೂ ಕಾಫಿಗೆ ಕಕಾರ, ಹೀಟರಿಗೆ ಹಕಾರ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಮುಳುಗುವ ಸೂರ್ಯನಿಗೆ ಸಕಾರ ಎಂಬಂತೆ ಉಳಿದ ವರ್ಣಮಾಲೆಯನ್ನೆಲ್ಲ ಎತ್ತಿ ಮುಗಿಸಿರುತ್ತಾರೆ. ಅದೇ ಹೊತ್ತಿಗೆ ಬ್ರೈಟನ್ನಿನ ಕಡಲತೀರದಲ್ಲಿ ಗೊರವಂಕದ ದಾಯಾದಿಗಳಾದ ಸ್ಟಾರ್ಲಿಂಗ್ ಹಕ್ಕಿಗಳು ಸಾವಿರಗಟ್ಟಲೆ ಸೇರಿ ಸುತ್ತುವುದಕ್ಕೂ ‘ಮರ್ಮರೇಶನ್’ ಎಂದೇ ಹೆಸರು. ಮಾವನವರ ಮತದಲ್ಲಿ ಅವು ಗೊಣಗುವುದೂ ಬಿಸಿಲಿಗಾಗಿಯೇ.

ತೊಡಕೆಲ್ಲ ಇರುವುದು ಮೂರನೆಯ ಅರ್ಥದಲ್ಲಿ. ಹೃದಯದ ಲಬ್‌ಡಬ್ ಬಡಿತಗಳ ನಡುವೆ ರಕ್ತವು ಸುಳಿಸುಳಿಯಾಗಿ ಹರಿದು ಎಬ್ಬಿಸುವ ಹೆಚ್ಚುವರಿ ಸದ್ದನ್ನು ವೈದ್ಯರು ಮರ್ಮರ್ ಎನ್ನುತ್ತಾರೆ. ಕವಾಟ ಕಿರಿದಾದರೂ ಸೋರಿದರೂ ಅದು ಬರುತ್ತದೆ. ಯಾವ ದೋಷವೂ ಇಲ್ಲದ ಮಕ್ಕಳಲ್ಲಿ ಬಂದರೆ ಅದಕ್ಕೆ ‘ಇನೊಸೆಂಟ್ ಮರ್ಮರ್’, ಅಂದರೆ ನಿರಪರಾಧಿ ಗೊಣಗಾಟ, ಎಂದು ಹೆಸರು. ಮೊಮ್ಮಗನ ಎದೆಯಲ್ಲಿ ಇದು ಕೇಳಿಸಿತೆಂದು ತಿಳಿದ ಮನೆಯಲ್ಲಿ, ಗೊಣಗಾಟದಲ್ಲಿಯೂ ನಿರಪರಾಧಿಯಾದದ್ದೊಂದು ಉಂಟೆಂದು ಸೊಸೆ ಮೊದಲ ಬಾರಿಗೆ ಅರಿಯುತ್ತಾಳೆ. ಮಾವನವರು ಅದು ತಮ್ಮ ವಂಶದ್ದೇ ಎಂದು ಒಳಗೊಳಗೇ ಹಿಗ್ಗುತ್ತಾರೆ.

ಅಮೆರಿಕದ ಹೃದಯವೈದ್ಯ ಸ್ಯಾಮ್ಯುಯೆಲ್ ಲೆವೈನ್ ಅವರ ಹೆಸರಿನಲ್ಲಿ 1933ರಿಂದ ಪ್ರಸಿದ್ಧವಾಗಿರುವ ಮಾಪಕವು ಈ ಸದ್ದನ್ನು 6 ದರ್ಜೆಗಳಾಗಿ ವಿಂಗಡಿಸುತ್ತದೆ. ಮೊದಲನೆಯದು ಉಸಿರು ಬಿಗಿಹಿಡಿದು ಕಿವಿಗೊಟ್ಟರಷ್ಟೇ ಕೇಳಿಸುತ್ತದೆ, ನಾಲ್ಕನೆಯದು ಅಂಗೈಗೂ ಅದುರಿ ತಿಳಿಯುತ್ತದೆ, ಆರನೆಯದು ಸ್ಟೆತಸ್ಕೋಪನ್ನು ಎದೆಯಿಂದ ಎತ್ತಿ ಹಿಡಿದರೂ ಕೇಳಿಸುತ್ತದೆ. ಮಾವನವರ ವಿಷಯದಲ್ಲಿ ಈ ಮಾಪಕವು ತಿಂಗಳಿಗೊಂದು ದರ್ಜೆಯಂತೆ ಏರುತ್ತದೆ: ನಾಲ್ಕನೆಯ ತಿಂಗಳಿಗೆ ಕಾಫಿ ಲೋಟ ಕುಕ್ಕಿದ ರಭಸಕ್ಕೆ ಮೇಜು ಅದುರುತ್ತದೆ, ಆರನೆಯ ತಿಂಗಳಿಗೆ ಕಿಟಕಿ ಬಾಗಿಲು ಮುಚ್ಚಿದ್ದರೂ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿಗೆ ಕೇಳಿಸುತ್ತದೆ. ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ಒಮ್ಮೆಗೆ ಉಳಿಯಲು ಸಾಮಾನ್ಯವಾಗಿ ಸಿಗುವ ಅವಧಿಯೂ 6 ತಿಂಗಳೇ.