ಹಾಲಿಗೆ ಹಾರ, ತಾಯಿಗೆ ಚೀಟಿ

ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ. ಆ ಏಳು ದಿನ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲಿ ತಾಯಿಹಾಲು ಅಮೃತ. ಎಂಟನೇ ತಾರೀಖು ಬ್ಯಾನರ್ ಇಳಿಯುತ್ತದೆ. ಅದರಲ್ಲಿ ಮುಖಂಡರ ಮುಖ ದೊಡ್ಡದು, ತಾಯಿಯದು ಸಣ್ಣದು. ಆಕೆಯೂ ಎಲ್ಲಿಂದಲೋ ಇಳಿಸಿಕೊಂಡ ಫೋಟೊದ ಬಿಳಿ ಹೆಂಗಸು.

ವೇದಿಕೆ ತುಂಬ ಗಂಡಸರು. ಹಾಲಿನ ಮಹಿಮೆ ಗಂಟೆಗಟ್ಟಲೆ. ಆ ಅಮೃತ ಬರುವ ತೊಟ್ಟು ಒಡೆದು ರಕ್ತ ಒಸರುತ್ತದೆ, ಕೂಸು ಅತ್ತಾಗಲೆಲ್ಲ ಬಾಣಂತಿ ಹಲ್ಲು ಕಚ್ಚುತ್ತಾಳೆ ಎಂದು ಒಬ್ಬನಾದರೂ ಮೈಕಿನಲ್ಲಿ ಹೇಳಿದ್ದುಂಟೇ?

ಮನೆಯಲ್ಲಿ ಉತ್ತರ ಸಿದ್ಧವಿದೆ. "ನಾವೇನು ಹಡದಿಲ್ಲೇನು? ತಡಕೊಳವ್ವಾ." ತುಪ್ಪ ಹಚ್ಚು, ಅರಿಶಿಣ ಹಚ್ಚು. ಆಸ್ಪತ್ರೆಯ ಉತ್ತರ ಇನ್ನೂ ಚುಟುಕು: ಚೀಟಿ. ಸೆರಗು ಸರಿಸಿ ನೋಡಲು ಸಂಕೋಚ. ನೋಡದೆ ಬರೆಯಲು ಸಂಕೋಚವಿಲ್ಲ.

ಬಹುತೇಕ ಗಾಯಕ್ಕೆ ಕಾರಣ ಕೂಸು ಬರೀ ತೊಟ್ಟನ್ನು ಕಚ್ಚಿ ಚೀಪುವುದು. ಬಾಯಿ ಅಗಲ ತೆರೆಯಬೇಕು, ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಬೇಕು, ಗದ್ದ ಎದೆಗೆ ತಾಗಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು. ಇದನ್ನು ಕಲಿಸಲು ಯಾರಾದರೂ ಪಕ್ಕದಲ್ಲಿ ಕೂತು ಒಂದು ಹೊತ್ತು ಹಾಲೂಡಿಸುವುದನ್ನು ನೋಡಿದರೆ ಸಾಕು. ನಮ್ಮಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಅದೇ. ಮುಲಾಮು ಸಲೀಸು. ಏನೂ ಹಚ್ಚದಿದ್ದರೂ, ತನ್ನದೇ ಹಾಲಿನ ಹನಿ ಹಚ್ಚಿದರೂ ಲ್ಯಾನೊಲಿನ್ ಮುಲಾಮಿನಷ್ಟೇ ಗುಣವಾಗಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2014ರ ಕಾಕ್ರೇನ್ ಪರಿಶೀಲನೆ ಹೇಳಿತು. ಹೆಚ್ಚಿನವರ ನೋವು ಏಳರಿಂದ ಹತ್ತು ದಿನದಲ್ಲಿ ತಗ್ಗುತ್ತದೆ ಎಂದೂ ಹೇಳಿತು.

ತಗ್ಗದವರು? ಅಲ್ಲಿ ಹುಡುಕಬೇಕು. ಕೂಸಿನ ಬಾಯಲ್ಲಿ ಬಿಳಿ ಶಿಲೀಂಧ್ರ ಇರಬಹುದು, ನಾಲಗೆಯಡಿ ಬಿಗಿದ ಪೊರೆ ಇರಬಹುದು, ಗಾಯಕ್ಕೆ ಸೋಂಕು ತಗುಲಿರಬಹುದು, ಇಸಬು ಇರಬಹುದು. ಒಂದೊಂದಕ್ಕೆ ಒಂದೊಂದು ಮದ್ದು. ಶಿಲೀಂಧ್ರವಾದರೆ ತಾಯಿಗೂ ಕೂಸಿಗೂ ಕೂಡಿಯೇ ಕೊಡಬೇಕು. ನಮ್ಮಲ್ಲಿ ಎಲ್ಲಕ್ಕೂ ಒಂದೇ ಟ್ಯೂಬು.

ತೊಟ್ಟು ಒಳಸೇರಿದವರ ಪಾಡು ಬೇರೆ. ಕೂಸಿಗೆ ಹಿಡಿತ ಸಿಗದು, ಮತ್ತೆ ಮತ್ತೆ ಗಾಯ. ಇದಕ್ಕೊಂದು ಉಪಾಯವನ್ನು 1993ರಲ್ಲಿ ಪ್ರಕಟಿಸಿದವರು ಲಂಡನ್ನಿನವರಲ್ಲ, ದಾವಣಗೆರೆಯ ಡಾ. ನಿರ್ಮಲಾ ಕೇಸರಿ ಮತ್ತು ಸಂಗಡಿಗರು. ಸಾದಾ ಸಿರಿಂಜಿನ ಸೂಜಿ ಕಡೆಯ ತುದಿ ಕತ್ತರಿಸಿ, ಪ್ಲಂಜರನ್ನು ಆ ಕಡೆಯಿಂದ ತೂರಿಸಿ, ನುಣುಪು ಬದಿಯನ್ನು ಎದೆಗಿಟ್ಟು ತಾಯಿಯೇ ಮೆಲ್ಲಗೆ ಎಳೆದುಕೊಳ್ಳುವುದು. ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ತರಬೇತಿ ಪುಸ್ತಕಕ್ಕೆ ಸೇರಿಸಿಕೊಂಡಿತು. ದಾವಣಗೆರೆಯ ಸಿರಿಂಜು ಜಿನೀವಾ ಮುಟ್ಟಿತು. ರಾಣೆಬೆನ್ನೂರು ದಾಟಿ ಹಿರೇಕೆರೂರಿಗೆ ಬರಲು ಬಸ್ಸು ಸಿಗಲಿಲ್ಲವೇನೋ.

ಸರ್ಕಾರಕ್ಕೆ ಗೊತ್ತಿಲ್ಲ ಅನ್ನಬೇಡಿ. ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಒಯ್ಯುವ ನಮೂನೆಯಲ್ಲೇ ತೊಟ್ಟು ಒಡೆದಿದೆಯೇ ಎಂಬ ಪ್ರಶ್ನೆ ಇದೆ. ಹೌದು ಎಂದು ಬರೆದುಕೊಂಡ ಮೇಲೆ? ಆಸ್ಪತ್ರೆಯಲ್ಲಿ ಹೆತ್ತವಳಿಗೆ 3, 7, 14, 21, 28, 42ನೇ ದಿನ, ಹೀಗೆ ಆರು ಭೇಟಿ. ಆರಕ್ಕೂ ಸೇರಿ ಆಶಾಗೆ ಪ್ರೋತ್ಸಾಹಧನ 250 ರೂಪಾಯಿ. ಭಾಗಿಸಿ ನೋಡಿ, ಭೇಟಿಗೆ ನಲವತ್ತೆರಡೂ ಆಗುವುದಿಲ್ಲ. ಆ ದುಡ್ಡಿಗೆ ಸನ್ಮಾನದ ಹಾರವೂ ಬರುವುದಿಲ್ಲ.

ಕಚೇರಿಯವಳಿಗೆ 26 ವಾರ ರಜೆ. ಹಾನಗಲ್ಲಿನ ಗದ್ದೆಯಲ್ಲಿ ನಾಟಿ ಹಚ್ಚುವವಳಿಗೆ, ಸವಣೂರಿನ ಎಲೆತೋಟದ ಕೂಲಿಯವಳಿಗೆ ರಜೆ ಅಂದರೆ ಕೂಲಿ ಇಲ್ಲ. ಗಾಯ ಮಾಯದೆ ಅವಳು ಹಾಲಿನ ಪೌಡರ್ ಡಬ್ಬಿ ತಂದಳೋ, ವೇದಿಕೆಯವರ ತೀರ್ಪು ಬಂದೇ ಬಿಡುತ್ತದೆ: ಈಗಿನ ಹೆಣ್ಮಕ್ಕಳಿಗೆ ಅಂದದ ಚಿಂತೆ! ಡಬ್ಬಿಯ ಜಾಹೀರಾತನ್ನು 1992ರ ಕಾಯ್ದೆ ನಿಷೇಧಿಸಿದೆ. ಇಂಥ ನಾಲಗೆಯನ್ನು ಯಾವ ಕಾಯ್ದೆಯೂ ನಿಷೇಧಿಸಿಲ್ಲ.

ಮನೆಯಲ್ಲಿ ಬಾಣಂತಿ ಇರುವವರೇ, ವಾರವಾದರೂ ಗಾಯ ಮಾಯದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೂಸಿನ ಬಾಯಿಯನ್ನೂ ತೋರಿಸಿ. ಎದೆ ಕೆಂಪೇರಿ ಜ್ವರ ಬಂದರೆ ಅಂದೇ ಹೋಗಿ. ಒಂದೇ ಬದಿಯ ಗಾಯ ವಾರಗಟ್ಟಲೆ ಹಠ ಹಿಡಿದರೆ ಕ್ಯಾನ್ಸರ್ ಅಲ್ಲವೆಂದು ಪರೀಕ್ಷೆ ಮಾಡಿಸಿ. ನೋಡದೆ ಚೀಟಿ ಬರೆದರೆ ಕುರ್ಚಿ ಬಿಟ್ಟು ಏಳಬೇಡಿ.